ಇಂಟರ್ವ್ಯೂ ಮಾಡಿ ಫೀಚರ್ ಬರೆಯೋದು ಹೇಗೆ: ಜರ್ನಲಿಸಂ ಸ್ಟೂಡೆಂಟ್ಸ್‌ಗೆ ಸಮಗ್ರ ಮಾರ್ಗದರ್ಶಿ

ಕಾಲೇಜ್ ಪೇಪರ್‌ಗೆ ಬರೋ ಕಾಪಿಗಳನ್ನ, ಅಂದ್ರೆ ಪ್ರಿಂಟ್‌ಗೆ ಅಂತ ಬರೆದು ಕೊಡೋ ಬರಹಗಳನ್ನ, ತಿದ್ದೋ ಕೆಲಸ ಕೆಲವು ವರ್ಷ ಮಾಡಿದೀನಿ, ಆ ಧೈರ್ಯದ ಮೇಲೆ ಇದನ್ನ ಬರೀತಿದೀನಿ. ಇಂಟರ್ವ್ಯೂ ಮಾಡಿ ಬರೆದ ಫೀಚರ್ ಅಂತ ಟೇಬಲ್ ಮೇಲೆ ಬಂದು ಬೀಳೋದ್ರಲ್ಲಿ ಹೆಚ್ಚುಕಮ್ಮಿ ಎಲ್ಲಾ ಎರಡೇ ಥರ ಇರ್ತವೆ. ಒಂದು, ಕೇಳಿದ ಪ್ರಶ್ನೆ ಬಂದ ಉತ್ತರ ಎರಡನ್ನೂ ವರದಿ ಭಾಷೇಲಿ ಹಾಗೇ ಇಳಿಸಿರೋದು. ಇನ್ನೊಂದು ಸನ್ಮಾನಪತ್ರ: ಎಲೆಮರೆಯ ಕಾಯಿ, ಸರಳ ಸಜ್ಜನಿಕೆಯ ಮೂರ್ತಿ, ಯುವಜನತೆಗೆ ಮಾದರಿ, ಅವರ ಬದುಕು ಇನ್ನಷ್ಟು ಹಸನಾಗಲಿ, ಮುಗೀತು. ಎರಡಕ್ಕೂ ಕಾರಣ ಒಂದೇ ಅನ್ಸುತ್ತೆ ನಂಗೆ, ಮೊದಲನೇ ಉತ್ತರಕ್ಕೇ ಸಮಾಧಾನ ಪಟ್ಕೊಂಡು ಎದ್ದು ಬಂದಿರ್ತಾರೆ. ಎದುರಿಗೆ ಕೂತವರು ಮೊದಲು ಹೇಳೋದು ಅವರು ಎಲ್ಲರಿಗೂ ಹೇಳೋ ಮಾತು, ನಿಮಗೆ ಬೇಕಾಗಿರೋದು ಅದರ ಹಿಂದೆ ಇರುತ್ತೆ, ಅದನ್ನ ತೆಗೆಯೋದು ಹೇಗೆ ಅನ್ನೋದೇ ಈ ಪೂರ್ತಿ ಬರಹ.

ಯಾರ ಹತ್ರ ಹೋಗ್ಬೇಕು, ಯಾಕೆ ಹೋಗ್ಬೇಕು

"ಅವರ ಬಗ್ಗೆ ಬರೀತೀನಿ" ಅಂತ ಹೇಳ್ಕೊಂಡು ಬರ್ತಾರಲ್ಲ, ಅದು ವಿಷಯ ಅಷ್ಟೇ, ಆ್ಯಂಗಲ್ ಆಗಲ್ಲ, ಅಂದ್ರೆ ಆ ವಿಷಯವನ್ನ ಯಾವ ಕಡೆಯಿಂದ ನೋಡ್ತೀರಿ ಅನ್ನೋದು ಅದರಲ್ಲಿಲ್ಲ. ಹೋಗೋಕೆ ಮುಂಚೆ ಒಂದು ಚೀಟಿ ಮೇಲೆ ಒಂದೇ ಪ್ರಶ್ನೆ ಬರ್ಕೊಳ್ಳಿ, ಈ ಕಥೆ ಓದಿ ಮುಗಿಸಿದವರಿಗೆ ಯಾವ ಪ್ರಶ್ನೆಗೆ ಉತ್ತರ ಸಿಕ್ಕಿರಬೇಕು ಅಂತ. ಆಮೇಲೆ ಅದು ಬದಲಾಗಬಹುದು, ಬದಲಾಗ್ಲಿ, ಒಳ್ಳೇದೇ, ಆದ್ರೆ ಚೀಟಿ ಇಲ್ಲದೆ ಹೋದ್ರೆ ಅವರು ಕರ್ಕೊಂಡು ಹೋದ ಕಡೆಗೆಲ್ಲಾ ಹೋಗಿ ಸುತ್ತಾಡ್ಕೊಂಡು ಖಾಲಿ ಕೈಲಿ ವಾಪಸ್ ಬರ್ತೀರಿ.

ಎಲ್ಲರೂ ನಿಂತಿರೋ ಕಡೆ ನಿಂತ್ರೆ ಎಲ್ಲರಿಗೂ ಸಿಕ್ಕಿದ್ದೇ ನಿಮಗೂ ಸಿಗೋದು. 1963ರ ನವೆಂಬರ್‌ನಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿ ಹತ್ಯೆ ಆದಾಗ ಜಗತ್ತಿನ ಪತ್ರಕರ್ತರೆಲ್ಲಾ ಅಂತ್ಯಕ್ರಿಯೆಗೆ ಬಂದ ಗಣ್ಯರನ್ನ ನೋಡ್ತಿದ್ರೆ, ನ್ಯೂಯಾರ್ಕ್ ಹೆರಾಲ್ಡ್ ಟ್ರಿಬ್ಯೂನ್‌ನ ಜಿಮ್ಮಿ ಬ್ರೆಸ್ಲಿನ್ ಆರ್ಲಿಂಗ್ಟನ್ ಸ್ಮಶಾನದಲ್ಲಿ ಕೆನಡಿಗೆ ಗುಂಡಿ ತೋಡಿದ ಕ್ಲಿಫ್ಟನ್ ಪೊಲಾರ್ಡ್ ಅನ್ನೋರ ಬಗ್ಗೆ ಬರೆದ್ರು. ಗಂಟೆಗೆ 3.01 ಡಾಲರ್ ಕೂಲಿ. ಅದು ಆ ಬರಹದಲ್ಲೇ ಇದೆ, ಅಂದ್ರೆ ಬ್ರೆಸ್ಲಿನ್ ಕೂಲಿ ಎಷ್ಟು ಅಂತ ಕೇಳಿದಾರೆ, "ಸುಮಾರು 3 ಡಾಲರ್" ಅಂತ ಬಿಡದೆ ಆ ಒಂದು ಸೆಂಟ್ ಸಮೇತ ಬರ್ಕೊಂಡಿದಾರೆ. ಅರುವತ್ತು ವರ್ಷ ಆದ್ಮೇಲೂ ಪತ್ರಿಕೋದ್ಯಮದ ಕ್ಲಾಸ್‌ಗಳಲ್ಲಿ ಅದನ್ನ ಓದಿಸ್ತಾರೆ. ನಿಮ್ಮ ಕ್ಯಾಂಪಸ್‌ನಲ್ಲಿ ಒಂದು ಕಾರ್ಯಕ್ರಮ ಆದ್ರೂ ಅಷ್ಟೇ, ಸ್ಟೇಜ್ ಮೇಲಿರೋರನ್ನ ಬಿಟ್ಟು ಸ್ಟೇಜ್ ಬಿಚ್ಚೋರ ಹತ್ರ ಹೋಗಿ ನೋಡಿ.

ಒಂದು ಎಚ್ಚರಿಕೆ. ನಿಮ್ಮ ರೂಮ್‌ಮೇಟ್, ನಿಮ್ಮ ಚಿಕ್ಕಪ್ಪ, ನಿಮಗೆ ಮಾರ್ಕ್ಸ್ ಹಾಕೋ ಲೆಕ್ಚರರ್, ಇವರ ಬಗ್ಗೆ ಬೇಡ. ಕಷ್ಟದ ಪ್ರಶ್ನೆ ಕೇಳೋಕೆ ಬಾಯಿ ಬರಲ್ಲ.

ಹೋಗೋಕೆ ಮುಂಚೆ

ಸಿಗೋದನ್ನೆಲ್ಲಾ ಓದ್ಕೊಂಡು ಹೋಗಿ. ಗೂಗಲ್ ಮಾಡಿದ್ರೆ ಸಿಗೋ ವಿಷಯ, ಹುಟ್ಟಿದ ವರ್ಷ, ಓದಿದ್ದು, ಬಂದಿರೋ ಪ್ರಶಸ್ತಿ, ಇದನ್ನ ಅವರ ಹತ್ರ ಕೇಳಿದ್ರೆ ಮೊದಲ ಹತ್ತು ನಿಮಿಷ ಅಲ್ಲೇ ಖರ್ಚಾಗುತ್ತೆ, ಜೊತೆಗೆ ಈ ಹುಡುಗ ಏನೂ ತಿಳ್ಕೊಂಡು ಬಂದಿಲ್ಲ ಅಂತ ಅವರಿಗೂ ಗೊತ್ತಾಗುತ್ತೆ. ಅದೆಲ್ಲಾ ನಿಮ್ಮ ನೋಟ್‌ಬುಕ್‌ನಲ್ಲಿ ಮೊದಲೇ ಇರ್ಲಿ, ಕೊನೇಲಿ "ಇದು ಸರೀನಾ" ಅಂತ ಒಂದ್ಸಲ ಓದಿ ಕೇಳಿದ್ರೆ ಸಾಕು.

ಟೈಮ್ ಕೇಳೋವಾಗ ಪೂರ್ತಿ ಹೇಳಿ: ನಾನು ಇಂಥವನು, ಇಂಥ ಪೇಪರ್‌ಗೆ ಬರೀತೀನಿ, ಇಂಥ ವಿಷಯ, ಇಷ್ಟು ಹೊತ್ತು ಬೇಕು, ಇದು ಪ್ರಿಂಟ್ ಆಗುತ್ತೆ, ಆನ್‌ಲೈನ್‌ನಲ್ಲೂ ಬರುತ್ತೆ. ಈ ಕೊನೇದನ್ನ ಸ್ಟೂಡೆಂಟ್ಸ್ ಹೇಳೋದೇ ಇಲ್ಲ. ಕಾಲೇಜ್ ಅಸೈನ್‌ಮೆಂಟ್ ಅಂದ್ಕೊಂಡು ಮನಸ್ಸು ಬಿಚ್ಚಿ ಮಾತಾಡಿದವರು ಆಮೇಲೆ ಅದನ್ನ ಯಾರದೋ ಫೋನ್‌ನಲ್ಲಿ ಓದಿ ಗಾಬರಿ ಆಗಿರೋದನ್ನ ನಾನು ನೋಡಿದೀನಿ, ಅದು ನಮ್ದೇ ತಪ್ಪು.

ಜಾಗ ಅವರದ್ದೇ ಆಗಿರ್ಲಿ, ಅವರು ಕೆಲಸ ಮಾಡೋ ಜಾಗ ಆದ್ರೆ ಇನ್ನೂ ಒಳ್ಳೇದು. ಕ್ಯಾಂಟೀನ್‌ನಲ್ಲಿ ಕೂತ್ರೆ ಮಾತು ಮಾತ್ರ ಸಿಗುತ್ತೆ, ಕೆಲಸದ ಜಾಗದಲ್ಲಿ ಕೈ ಏನ್ ಮಾಡುತ್ತೆ, ಯಾರು ಬಂದು ಏನ್ ಕೇಳಿದ್ರು, ಗೋಡೆ ಮೇಲೆ ಏನ್ ಅಂಟಿಸಿದಾರೆ ಎಲ್ಲಾ ಪುಕ್ಕಟೆ ಸಿಗುತ್ತೆ. ಫೋನ್‌ನಲ್ಲಿ ರೆಕಾರ್ಡ್ ಮಾಡಿ, ಆದ್ರೆ ಕೇಳಿ ಮಾಡಿ, ಏರ್‌ಪ್ಲೇನ್ ಮೋಡ್‌ಗೆ ಹಾಕಿ ಮಾಡಿ, ಯಾಕಂದ್ರೆ ಮಧ್ಯದಲ್ಲಿ ಕಾಲ್ ಬಂದ್ರೆ ಕೆಲವು ಫೋನ್‌ನಲ್ಲಿ ರೆಕಾರ್ಡಿಂಗ್ ನಿಂತುಹೋಗುತ್ತೆ, ನಿಮಗೆ ಗೊತ್ತೂ ಆಗಲ್ಲ. ರೆಕಾರ್ಡಿಂಗ್ ಇದೆ ಅಂತ ಪೆನ್ ಕೆಳಗಿಡಬೇಡಿ. ವಾಸನೆ, ಬಟ್ಟೆ ಬಣ್ಣ, ಮಾತಾಡೋವಾಗ ಎಲ್ಲಿ ನೋಡ್ತಿದ್ರು, ಇದ್ಯಾವುದೂ ಆಡಿಯೋದಲ್ಲಿ ಬರಲ್ಲ.

ಕೂತಾಗ

ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳ್ತೀನಿ. ನಮ್ಮ ಪೇಪರ್‌ಗೆ ಬರೀತಿದ್ದ ಒಬ್ಬ ಜೂನಿಯರ್ ಹುಡುಗಿ, ರಿಟೈರ್ ಆಗಲಿದ್ದ ಕೆಮಿಸ್ಟ್ರಿ ಲ್ಯಾಬ್ ಅಟೆಂಡರ್ ಬಗ್ಗೆ ಬರೀತೀನಿ ಅಂದ್ಲು, ಫೋಟೋ ತೆಗೆಯೋಕೆ ಅಂತ ನಾನೂ ಜೊತೆಗೆ ಹೋದೆ. ಕೂತ ತಕ್ಷಣ ಇವಳು ಕೇಳಿದ್ದು, "ಸರ್, ನಿಮ್ಮ ವೃತ್ತಿಜೀವನದ ಅನುಭವ ಹೇಗಿತ್ತು?" ಅವರು, "ಏನಿದೆಯಮ್ಮ ಹೇಳೋಕೆ, ಎಲ್ಲಾ ಚೆನ್ನಾಗಿತ್ತು, ಪ್ರಿನ್ಸಿಪಾಲರು ಒಳ್ಳೆಯವರು, ಹುಡುಗರು ಒಳ್ಳೆಯವರು." ಇವಳು ಅದನ್ನೇ ಬರ್ಕೊಂಡ್ಲು. ಮುಂದಿನ ಪ್ರಶ್ನೆ, "ಮರೆಯಲಾಗದ ಘಟನೆ?" ಅವರು ಯೋಚಿಸಿದ್ರು, ಯೋಚಿಸಿದ್ರು, "ಅಂಥದ್ದೇನಿಲ್ಲ" ಅಂದ್ರು. ಇಪ್ಪತ್ತು ನಿಮಿಷಕ್ಕೆ ಚೀಟೀಲಿದ್ದ ಪ್ರಶ್ನೆ ಎಲ್ಲಾ ಖಾಲಿ.

ಆಮೇಲೆ ಏನೂ ತೋಚದೆ ಅವಳು ಕೇಳಿದ್ದು, "ಬೆಳಿಗ್ಗೆ ಲ್ಯಾಬ್ ಬಾಗಿಲು ತೆಗೆದ ತಕ್ಷಣ ಮೊದಲು ಏನ್ ಮಾಡ್ತೀರಿ ಸರ್?"

"ಮೊದ್ಲು ಮೂಸ್ತೀನಿ ಕಣಮ್ಮ. ಲೈಟ್ ಹಾಕೋಕ್ ಮುಂಚೆ."

ಅಲ್ಲಿಂದ ಒಂದೂವರೆ ಗಂಟೆ ಮಾತು ನಿಲ್ಲಲಿಲ್ಲ. ಬರ್ನರ್‌ಗೆ ಬರೋ ಗ್ಯಾಸ್ ಲೈನ್ ಎಲ್ಲಿ ಹಳೇದು, ಯಾವ ಟೇಬಲ್‌ನ ನಾಬ್ ಸಡಿಲ, ಪ್ರಾಕ್ಟಿಕಲ್ ಎಕ್ಸಾಮ್ ದಿನ ಯಾವ ಥರದ ಹುಡುಗರು ಕೈ ನಡುಗಿಸ್ತಾರೆ, ಒಡೆದ ಪಿಪೆಟ್‌ಗೆ ದುಡ್ಡು ಕಟ್ಟೋಕಾಗದವರ ಹೆಸರನ್ನ ರಿಜಿಸ್ಟರ್‌ನಲ್ಲಿ ಹೇಗೆ "ಮರೆತು" ಬಿಡ್ತಿದ್ರು, ಎಲ್ಲಾ ಬಂತು.

ನೋಡಿ, "ಅನುಭವ ಹೇಗಿತ್ತು" ಅನ್ನೋದು ತೀರ್ಪು ಕೇಳೋ ಪ್ರಶ್ನೆ, ಜನಕ್ಕೆ ತಮ್ಮ ಬದುಕಿನ ಬಗ್ಗೆ ತೀರ್ಪು ಕೊಡೋಕೆ ಬರಲ್ಲ, ಕೊಟ್ರೂ ಅದು "ಚೆನ್ನಾಗಿತ್ತು". "ಮೊದಲು ಏನ್ ಮಾಡ್ತೀರಿ" ಅನ್ನೋದು ಕೈ ಕಾಲಿಗೆ ಕೇಳೋ ಪ್ರಶ್ನೆ, ಅದಕ್ಕೆ ಯಾರಾದ್ರೂ ಉತ್ತರ ಕೊಡ್ತಾರೆ. ಹಾಗಾಗಿ ಒಂದು ದಿನ, ಒಂದು ಗಂಟೆ, ಒಂದು ವಸ್ತು, ಒಂದ್ಸಲ ಆದ ಜಗಳ, ಅಷ್ಟು ಸಣ್ಣದಕ್ಕೆ ಇಳಿಸಿ ಕೇಳಿ. "ನಿಮ್ಮ ಹೋರಾಟದ ಬಗ್ಗೆ ಹೇಳಿ" ಬದಲು "ಆವತ್ತು ಮನೆಗೆ ಹೋಗಿ ಯಾರಿಗೆ ಮೊದಲು ಹೇಳಿದ್ರಿ, ಅವರು ಏನಂದ್ರು". ಹೌದು ಇಲ್ಲ ಅಂತ ಮುಗಿಯೋ ಪ್ರಶ್ನೆ ಬೇಡ, ಎರಡು ಪ್ರಶ್ನೆ ಅಂಟಿಸಿ ಕೇಳೋದೂ ಬೇಡ, ಜನ ಸುಲಭವಾದದ್ದಕ್ಕೆ ಮಾತ್ರ ಉತ್ತರ ಕೊಟ್ಟು ಇನ್ನೊಂದನ್ನ ಬಿಟ್ಟುಬಿಡ್ತಾರೆ.

ಉತ್ತರ ಬಂದ ಮೇಲೆ ಚೀಟೀಲಿರೋ ಮುಂದಿನ ಪ್ರಶ್ನೆಗೆ ಹಾರಬೇಡಿ. "ಅಂದ್ರೆ?", "ಒಂದು ಉದಾಹರಣೆ ಹೇಳಿ", "ಆಮೇಲೆ?", "ನಿಮಗೆ ಹೇಗೆ ಗೊತ್ತಾಯ್ತು?" ಈ ನಾಲ್ಕು ಸಾಕು ಒಂದು ಇಂಟರ್ವ್ಯೂ ಪೂರ್ತಿ ನಡೆಸೋಕೆ. ಇನ್ನೊಂದಿದೆ, ಸುಮ್ನೆ ಇರೋದು. ಅವರು ಮಾತು ನಿಲ್ಲಿಸಿದಾಗ ಮನಸ್ಸಲ್ಲೇ ಐದರವರೆಗೆ ಎಣಿಸಿ. ಕಷ್ಟ ಅದು, ನಮಗೆ ಮುಜುಗರ ಆಗುತ್ತೆ, ಅವರಿಗೂ ಆಗುತ್ತೆ, ಅದಕ್ಕೇ ಅವರು ಏನಾದ್ರೂ ಹೇಳ್ತಾರೆ, ಎಷ್ಟೋ ಸಲ ಒಳ್ಳೇ ಮಾತು ಆ ಐದು ಸೆಕೆಂಡ್ ಆದ್ಮೇಲೇ ಬರೋದು. ಮಧ್ಯೆ ಮಧ್ಯೆ "ಹೌದು ಸರ್, ನಮ್ಮ ತಂದೆನೂ ಹಾಗೇ" ಅಂತ ನಿಮ್ಮ ಕಥೆ ಶುರು ಮಾಡಿದ್ರೆ ಆಡಿಯೋ ಕೇಳೋವಾಗ ನಿಮಗೇ ನಾಚಿಕೆ ಆಗುತ್ತೆ, ಅನುಭವದಿಂದ ಹೇಳ್ತಿದೀನಿ.

ಕಷ್ಟದ ಪ್ರಶ್ನೆ ಇದ್ರೆ ಕೊನೆ ಕಡೆ ಕೇಳಿ, ಆದ್ರೆ ಕೇಳಿ. ರೆಕಾರ್ಡರ್ ಆಫ್ ಮಾಡಿ ಬಾಗಿಲವರೆಗೆ ಬರೋವಾಗಲೂ ಕಿವಿ ತೆರೆದಿರ್ಲಿ, ಎದ್ದು ನಿಂತ ಮೇಲೆ ಜನ ಹಗುರಾಗ್ತಾರೆ. ಅಲ್ಲಿ ಹೇಳಿದ್ದನ್ನ ಬಳಸಬೇಕು ಅನ್ಸಿದ್ರೆ ಅಲ್ಲೇ "ಇದನ್ನ ಬರ್ಕೊಳ್ಳಲಾ" ಅಂತ ಕೇಳಿಬಿಡಿ.

ಆಫ್ ದಿ ರೆಕಾರ್ಡ್ ಅನ್ನೋ ಮಾತು

ಇದನ್ನ ಮಾತು ಶುರು ಆಗೋಕೆ ಮುಂಚೆನೇ ಸ್ಪಷ್ಟ ಮಾಡ್ಕೊಳ್ಳಿ. ಆನ್ ರೆಕಾರ್ಡ್ ಅಂದ್ರೆ ಹೆಸರು ಹಾಕಿ ಬರೀಬಹುದು, ಬ್ಯಾಕ್‌ಗ್ರೌಂಡ್ ಅಂದ್ರೆ ಮಾಹಿತಿ ಬಳಸಬಹುದು ಹೆಸರು ಹಾಕೋ ಹಾಗಿಲ್ಲ, ಆಫ್ ದಿ ರೆಕಾರ್ಡ್ ಅಂದ್ರೆ ಬರೆಯೋ ಹಾಗೇ ಇಲ್ಲ. ಆದ್ರೆ ಒಬ್ಬೊಬ್ಬರು ಒಂದೊಂದು ಅರ್ಥದಲ್ಲಿ ಈ ಪದ ಬಳಸ್ತಾರೆ, ಅದಕ್ಕೇ ಪದ ಬಿಟ್ಟು ನೇರ ಕೇಳಿ, "ಇದನ್ನ ಹಾಕಬಹುದಾ, ನಿಮ್ಮ ಹೆಸರಲ್ಲಿ ಹಾಕಬಹುದಾ?" ಮಂತ್ರಿನೋ ದೊಡ್ಡ ಅಧಿಕಾರಿನೋ ಒಂದು ಮಾತು ಹೇಳಿ ಆದ್ಮೇಲೆ ಅವರಿಗೆ "ಅದು ಆಫ್ ದಿ ರೆಕಾರ್ಡ್" ಅನ್ನೋ ಸೌಲಭ್ಯ ಇಲ್ಲ, ಅವರಿಗೆ ನಿಯಮ ಗೊತ್ತು. ಜೀವನದಲ್ಲಿ ಮೊದಲ ಸಲ ಪತ್ರಕರ್ತರ ಜೊತೆ ಮಾತಾಡ್ತಿರೋ ಅಟೆಂಡರ್‌ಗೆ, ಹದಿನೇಳು ವರ್ಷದ ಹುಡುಗನಿಗೆ, ದುಃಖದಲ್ಲಿರೋ ಮನೆಯವರಿಗೆ ಅದೇ ಕಟ್ಟುನಿಟ್ಟು ತೋರಿಸೋದು ಸರಿ ಅಲ್ಲ. ಆ ಪಿಪೆಟ್ ವಿಷಯವನ್ನೇ ತಗೊಳ್ಳಿ, ಎಷ್ಟು ಚೆನ್ನಾಗಿದೆ ಓದೋಕೆ, ಆದ್ರೆ ರಿಜಿಸ್ಟರ್‌ನಲ್ಲಿ ಬರೀದೇ ಬಿಟ್ಟಿದ್ದು ಅಂತ ಪ್ರಿಂಟ್ ಆದ್ರೆ ರಿಟೈರ್‌ಮೆಂಟ್ ಹೊಸ್ತಿಲಲ್ಲಿ ಅವರಿಗೆ ತೊಂದರೆ ಆಗಬಹುದು. ಅವಳು ಅವರನ್ನ ಕೇಳಿದ್ಲು. ಬೇಡ ಅಂದ್ರು. ನಮ್ಮ ಪೇಪರ್‌ನಲ್ಲಿ ಅದು ಬರಲಿಲ್ಲ, ಇಲ್ಲಿ ಹೆಸರು ಊರು ಯಾವುದೂ ಇಲ್ಲ ಅಂತ ಹೇಳ್ತಿದೀನಿ.

ಅವರೊಬ್ಬರನ್ನೇ ಕೇಳಿ ಬಿಡಬೇಡಿ

ಒಬ್ಬರ ಮಾತಿನ ಮೇಲೆ ಮಾತ್ರ ನಿಂತ ವ್ಯಕ್ತಿಚಿತ್ರ ಸನ್ಮಾನಪತ್ರ ಆಗೇ ಆಗುತ್ತೆ. ಕಮ್ಮಿ ಅಂದ್ರೂ ಇನ್ನಿಬ್ಬರು ಬೇಕು, ಅದ್ರಲ್ಲಿ ಒಬ್ಬರಾದ್ರೂ ಅವರನ್ನ ಅಷ್ಟೇನೂ ಹೊಗಳದವರು ಇರ್ಲಿ. ಮುಖ್ಯ ವ್ಯಕ್ತಿ ಮಾತಾಡೋಕೇ ಒಪ್ಪದಿದ್ರೂ ಕಥೆ ಸಾಯಲ್ಲ, 1966ರಲ್ಲಿ ಎಸ್ಕ್ವೈರ್ ಪತ್ರಿಕೆಗೆ ಗಾಯಕ ಫ್ರಾಂಕ್ ಸಿನಾತ್ರಾ ಬಗ್ಗೆ ಬರೆದ ಗೇ ಟಲೀಸ್‌ಗೆ ಸಿನಾತ್ರಾ ಇಂಟರ್ವ್ಯೂನೇ ಕೊಡಲಿಲ್ಲ, ಅವರು ಸುತ್ತಮುತ್ತ ಇರೋರನ್ನ ಮಾತಾಡಿಸ್ತಾ, ದೂರದಿಂದ ನೋಡ್ತಾ ಬರೆದದ್ದು ಇವತ್ತಿಗೂ ವ್ಯಕ್ತಿಚಿತ್ರ ಅಂದ್ರೆ ಮೊದಲು ನೆನಪಾಗೋ ಬರಹ.

ನಮ್ಮ ಹುಡುಗಿ ಕೆಮಿಸ್ಟ್ರಿ ಲೆಕ್ಚರರ್ ಹತ್ರ ಹೋಗಿ ಆ ಮೂಸೋ ವಿಷಯ ಕೇಳಿದ್ಲು. ಎಲ್‌ಪಿಜಿಗೆ ಸ್ವಂತ ವಾಸನೆ ಇಲ್ಲ, ಸೋರಿದ್ರೆ ಗೊತ್ತಾಗ್ಲಿ ಅಂತ ಈಥೈಲ್ ಮರ್ಕ್ಯಾಪ್ಟನ್ ಅನ್ನೋ ನಾತದ ವಸ್ತು ಬೆರೆಸಿರ್ತಾರೆ, ಸ್ವಿಚ್ ಹಾಕಿದಾಗ ಬರೋ ಸಣ್ಣ ಕಿಡಿ ಸಾಕು ಬೆಂಕಿ ಹತ್ತೋಕೆ, ಅದೂ ಅಲ್ದೆ ಆ ಗ್ಯಾಸ್ ಗಾಳಿಗಿಂತ ಭಾರ, ನೆಲದ ಹತ್ರ ನಿಲ್ಲುತ್ತೆ. ಅವಳು ಮಾರನೇ ದಿನ ಬೆಳಿಗ್ಗೆ ಎಂಟಕ್ಕೆ ಲ್ಯಾಬ್ ಬಾಗಿಲ ಹತ್ರ ಹೋಗಿ ನಿಂತ್ಲು, ನೋಡಿದ್ರೆ ಅವರು ನಿಜವಾಗ್ಲೂ ಬಗ್ಗಿ ಮೂಸ್ತಿದ್ರು. ಹೋಗಿ ನೋಡದಿದ್ರೆ ಆ "ಬಗ್ಗಿ" ಅನ್ನೋ ಪದ ಕಾಪಿಗೆ ಬರ್ತಾ ಇರ್ಲಿಲ್ಲ.

ಟೈಪ್ ಮಾಡ್ಕೊಳ್ಳೋದು

ಬೋರು, ಆದ್ರೆ ತಪ್ಪಿಸಬೇಡಿ. ಒಂದು ಗಂಟೆ ಆಡಿಯೋ ಪೂರ್ತಿ ಇಳಿಸೋಕೆ ಮೂರ್ನಾಲ್ಕು ಗಂಟೆ ಬೇಕು. ಆ್ಯಪ್‌ಗಳಿವೆ, ಕನ್ನಡಕ್ಕೂ ಇವೆ, ಆದ್ರೆ ಆಡುಮಾತು, ಊರು ಹೆಸರು, ಸಂಖ್ಯೆ ಬಂದಾಗ ಏನೇನೋ ಬರೆದಿಡ್ತವೆ, ಅದಕ್ಕೇ ಕೋಟ್ ಹಾಕೋ, ಅಂದ್ರೆ ಅವರ ಮಾತು ಅಂತ ಹಾಗೇ ಕೊಡೋ, ಪ್ರತಿ ಸಾಲನ್ನೂ ಆಡಿಯೋ ಹಚ್ಚಿ ಕಿವಿಯಿಂದ ಕೇಳಿ. ಇಂಟರ್ವ್ಯೂ ಆದ ದಿನ ರಾತ್ರಿನೇ, ಆಡಿಯೋ ಮುಟ್ಟದೆ, ನೆನಪಲ್ಲಿ ಉಳಿದಿರೋ ಐದು ವಿಷಯ ಬರ್ಕೊಳ್ಳಿ, ಹೆಚ್ಚಿನ ಸಲ ನಿಮ್ಮ ಲೀಡ್, ಅಂದ್ರೆ ಬರಹ ಶುರು ಆಗೋ ಸಾಲು, ಆ ಐದರಲ್ಲೇ ಇರುತ್ತೆ.

ಬರೆಯೋದು

ಅವಳ ಮೊದಲ ಡ್ರಾಫ್ಟ್ ಶುರು ಆಗಿದ್ದು ಹೀಗೆ: "ಕಾಯಕವೇ ಕೈಲಾಸ ಎಂಬ ನುಡಿಯಂತೆ ಮೂರು ದಶಕಗಳಿಗೂ ಹೆಚ್ಚು ಕಾಲ ನಿಸ್ವಾರ್ಥ ಸೇವೆ ಸಲ್ಲಿಸಿ ಎಲ್ಲರ ಮನ ಗೆದ್ದ..." ಇದರಲ್ಲಿ ಲ್ಯಾಬ್ ಅಟೆಂಡರ್ ತೆಗೆದು ಬ್ಯಾಂಕ್ ಮ್ಯಾನೇಜರ್ ಇಟ್ರೂ ಒಂದಕ್ಷರ ಬದಲಾಯಿಸೋದು ಬೇಕಾಗಲ್ಲ. ಇದೇ ಟೆಸ್ಟ್, ನಿಮ್ಮ ಮೊದಲ ವಾಕ್ಯ ಬೇರೆಯವರಿಗೂ ಹೊಂದುತ್ತೆ ಅಂದ್ರೆ ಅಳಿಸಿ.

ಮೂರನೇ ಡ್ರಾಫ್ಟ್: "ಬೆಳಿಗ್ಗೆ ಎಂಟು. ಕೆಮಿಸ್ಟ್ರಿ ಲ್ಯಾಬ್‌ನ ಬಾಗಿಲು ಒಂದು ಗೇಣು ತೆರೆಯುತ್ತದೆ. ಅವರು ಒಳಗೆ ಕಾಲಿಡುವುದಿಲ್ಲ, ಸ್ವಿಚ್ ಬೋರ್ಡ್ ಮುಟ್ಟುವುದಿಲ್ಲ. ಸೊಂಟ ಬಗ್ಗಿಸಿ, ಮುಖವನ್ನಷ್ಟೇ ಒಳಗೆ ಚಾಚಿ, ಜೋರಾಗಿ ಒಮ್ಮೆ ಉಸಿರೆಳೆದುಕೊಳ್ಳುತ್ತಾರೆ."

ಓದುವವರು ಇಷ್ಟಕ್ಕೆ ನಿಂತೇ ನಿಲ್ತಾರೆ. ಆದ್ರೆ ಜಾಸ್ತಿ ಹೊತ್ತು ಕಾಯಿಸಬೇಡಿ, ಎರಡನೇ ಇಲ್ಲ ಮೂರನೇ ಪ್ಯಾರಾಕ್ಕೆ ಇದು ಯಾರು, ಈಗ್ಯಾಕೆ ಇವರ ಬಗ್ಗೆ ಬರೀತಿದೀವಿ ಅನ್ನೋದು ಬಂದುಬಿಡಬೇಕು, ಇಂಗ್ಲಿಷ್ ಡೆಸ್ಕ್‌ನವರು, ಅಂದ್ರೆ ಪೇಪರ್ ಆಫೀಸಲ್ಲಿ ಕಾಪಿ ತಿದ್ದೋರು, ನಟ್ ಗ್ರಾಫ್ ಅಂತಾರೆ ಇದಕ್ಕೆ. ಆಮೇಲೆ ಹುಟ್ಟಿದ್ದು, ಓದಿದ್ದು, ಕೆಲಸಕ್ಕೆ ಸೇರಿದ್ದು ಅಂತ ಬಯೋಡೇಟಾ ಕ್ರಮದಲ್ಲಿ ಹೋಗ್ಬೇಡಿ. ನನ್ನ ಪದ್ಧತಿ ಏನಂದ್ರೆ ಇರೋ ವಿಷಯಗಳನ್ನೆಲ್ಲಾ ಬೇರೆ ಬೇರೆ ಚೀಟೀಲಿ ಬರೆದು ನೆಲದ ಮೇಲೆ ಹರಡಿ, ಯಾವುದಾದ ಮೇಲೆ ಯಾವುದು ಬಂದ್ರೆ ಮುಂದೆ ಓದಬೇಕು ಅನ್ಸುತ್ತೆ ಅಂತ ಜೋಡಿಸೋದು. ಕೊನೇಲಿ ಮೂರ್ನಾಲ್ಕು ಚೀಟಿ ಎಲ್ಲೂ ಸೇರದೆ ಉಳಿಯುತ್ತೆ, ಎಷ್ಟೇ ಕಷ್ಟಪಟ್ಟು ತಂದಿದ್ರೂ ಅವು ಕಸಕ್ಕೆ.

ಇನ್ನು ಕೋಟ್. ಕನ್ನಡದಲ್ಲಿ ಬರೆಯೋರಿಗೆ ದೊಡ್ಡ ರೋಗ ಇರೋದು ಇಲ್ಲೇ. "ಮೊದ್ಲು ಮೂಸ್ತೀನಿ ಕಣಮ್ಮ, ಲೈಟ್ ಹಾಕೋಕ್ ಮುಂಚೆ" ಅಂದಿದ್ದು ಅವಳ ಡ್ರಾಫ್ಟ್‌ನಲ್ಲಿ ಏನಾಗಿತ್ತು ಗೊತ್ತಾ, "ಪ್ರಯೋಗಾಲಯವನ್ನು ಪ್ರವೇಶಿಸಿದ ಕೂಡಲೇ ಅನಿಲ ಸೋರಿಕೆ ಉಂಟಾಗಿದೆಯೇ ಎಂಬುದನ್ನು ಪರಿಶೀಲಿಸುತ್ತೇನೆ." ಅರ್ಥ ಸರಿ ಇದೆ, ಮನುಷ್ಯ ಮಾಯ. ಉದ್ಧರಣ ಚಿಹ್ನೆ ಒಳಗೆ ಇರೋದು ಅವರ ಬಾಯಿಂದ ಬಂದ ಮಾತೇ ಆಗಿರ್ಬೇಕು. ಅವರ ಆಡುಮಾತನ್ನ ಹಾಗೇ ಇಡೋದಾ ಶಿಷ್ಟ ಕನ್ನಡಕ್ಕೆ ತರೋದಾ ಅನ್ನೋದಕ್ಕೆ ನನ್ನ ಅಳತೆ ಇಷ್ಟೇ: ಅಟೆಂಡರ್ ಮಾತು ಮಾತ್ರ ಆಡುಮಾತಲ್ಲಿಟ್ಟು ಪ್ರಿನ್ಸಿಪಾಲರ ಮಾತನ್ನ ಗ್ರಂಥಸ್ಥ ಮಾಡಿದ್ರೆ ಅದು ಅವಮಾನ, ಪ್ರಿನ್ಸಿಪಾಲರೂ ಆಡುಮಾತಲ್ಲೇ ಮಾತಾಡಿರ್ತಾರೆ. ಇಟ್ರೆ ಇಬ್ಬರದ್ದೂ ಇಡಿ. "ಅಂದ್ರೆ ಇದು, ಏನಂದ್ರೆ" ಅನ್ನೋ ತೊದಲು ಕತ್ತರಿಸಬಹುದು, ಎರಡು ಕಡೆ ಹೇಳಿದ್ದನ್ನ ಒಂದೇ ಕೋಟ್ ಮಾಡೋದು ಬೇಡ. ಮಾತು ಬದಲಾಯಿಸಿದ್ದಕ್ಕೆ ಅಮೆರಿಕದ ಸುಪ್ರೀಂ ಕೋರ್ಟ್‌ವರೆಗೆ ಹೋದ ಕೇಸಿದೆ, ಜೆಫ್ರಿ ಮ್ಯಾಸನ್ ಅನ್ನೋರು ನ್ಯೂಯಾರ್ಕರ್ ಪತ್ರಿಕೆ ಮೇಲೆ ಹಾಕಿದ್ದು, ಅರ್ಥ ಗಣನೀಯವಾಗಿ ಬದಲಾಗೋ ಹಾಗೆ ಕೋಟ್ ತಿರುಚಿದ್ರೆ ಅದು ಮಾನಹಾನಿ ಕೇಸ್‌ಗೆ ಆಧಾರ ಆಗಬಹುದು ಅಂತ 1991ರಲ್ಲಿ ಕೋರ್ಟ್ ಹೇಳ್ತು. ಸ್ಟೂಡೆಂಟ್ ಪೇಪರ್‌ಗೆ ಅಷ್ಟು ದೂರ ಯೋಚಿಸೋದು ಬೇಡ, "ನಾನು ಹಾಗೆ ಹೇಳೇ ಇಲ್ಲ" ಅಂತ ಅವರು ಎದುರಿಗೆ ಬಂದು ನಿಂತ್ರೆ ಸಾಕು ನಮಗೆ.

ಮಾಹಿತಿಗೆ ಕೋಟ್ ಬೇಡ. "ನಮ್ಮ ಲ್ಯಾಬ್‌ನಲ್ಲಿ ಹತ್ತು ಟೇಬಲ್ ಇದೆ" ಅನ್ನೋದನ್ನ ನೀವೇ ಎಣಿಸಿ ನೀವೇ ಬರೀರಿ. ಅವರು ಮಾತ್ರ ಹೇಳಬಹುದಾದ್ದು, ಅವರ ಥರನೇ ಹೇಳಿದ್ದು, ಅದಕ್ಕೆ ಮಾತ್ರ ಕೋಟ್. ಕೋಟ್ ಆದ್ಮೇಲೆ "ಎಂದು ಮನದಾಳದ ಮಾತು ಹಂಚಿಕೊಂಡರು", "ಎಂದು ನೆನೆದು ಭಾವುಕರಾದರು", "ಎಂದು ಹೆಮ್ಮೆಯಿಂದ ನುಡಿದರು" ಇವನ್ನೆಲ್ಲಾ ಬಿಟ್ಟುಬಿಡಿ ದಯವಿಟ್ಟು. "ಎಂದರು" ಸಾಕು. ಭಾವುಕರಾಗಿದ್ರೆ ಏನ್ ಮಾಡಿದ್ರು, ಕನ್ನಡಕ ತೆಗೆದು ಒರೆಸಿದ್ರಾ, ಎದ್ದು ಕಿಟಕಿ ಹತ್ರ ಹೋದ್ರಾ, ಅದನ್ನ ಬರೀರಿ, ಏನೂ ಮಾಡದಿದ್ರೆ ಭಾವುಕರಾದ್ರು ಅಂತ ನಿಮಗೆ ಹೇಗೆ ಗೊತ್ತಾಯ್ತು?

ಕಥೆ ಚೆನ್ನಾಗಿ ಬರ್ಲಿ ಅಂತ ಸೇರಿಸೋ ಆಸೆ ಎಲ್ಲರಿಗೂ ಬರುತ್ತೆ. ಇಬ್ಬರನ್ನ ಸೇರಿಸಿ ಒಬ್ಬರನ್ನ ಮಾಡೋದು, ಮಳೆ ಬರದ ದಿನ ಮಳೆ ತರಿಸೋದು. ವಾಷಿಂಗ್ಟನ್ ಪೋಸ್ಟ್‌ನ ಜ್ಯಾನೆಟ್ ಕುಕ್ 1980ರಲ್ಲಿ ಹೆರಾಯಿನ್ ಚಟಕ್ಕೆ ಬಿದ್ದ ಎಂಟು ವರ್ಷದ ಹುಡುಗನ ಬಗ್ಗೆ ಬರೆದು 1981ರಲ್ಲಿ ಅಮೆರಿಕದ ಪತ್ರಿಕೋದ್ಯಮದ ದೊಡ್ಡ ಪ್ರಶಸ್ತಿ ಪುಲಿಟ್ಜರ್ ಗೆದ್ರು, ಅಂಥ ಹುಡುಗನೇ ಇರ್ಲಿಲ್ಲ, ಪ್ರಶಸ್ತಿ ವಾಪಸ್ ಕೊಡಬೇಕಾಯ್ತು, ಕೆಲಸನೂ ಹೋಯ್ತು. ಆ ಬರಹವನ್ನ ಡೆಸ್ಕ್‌ನಲ್ಲಿ ಓದಿದವರು ಯಾರೂ ಅದು ಪ್ರಿಂಟ್ ಆಗೋಕೆ ಮುಂಚೆ ಆ ಹುಡುಗ ಎಲ್ಲಿದಾನೆ ಅಂತ ಹೋಗಿ ನೋಡಿರ್ಲಿಲ್ಲ.

ಚೆಕ್ ಮಾಡೋದು

ಡ್ರಾಫ್ಟ್ ಪ್ರಿಂಟ್ ತೆಗೆದು ಪೆನ್ಸಿಲ್ ಹಿಡಿದು ಪ್ರತಿ ಹೆಸರು, ಹುದ್ದೆ, ವರ್ಷ, ಸಂಖ್ಯೆ ಕೆಳಗೆ ಗೆರೆ ಎಳೀರಿ. ಇದು ನಂಗೆ ಎಲ್ಲಿಂದ ಗೊತ್ತು ಅಂತ ಪಕ್ಕದಲ್ಲಿ ಬರೀರಿ. "ಅವರೇ ಹೇಳಿದ್ರು" ಅಂತ ಮಾತ್ರ ಇದ್ರೆ ಇನ್ನೊಂದು ಕಡೆ ಕೇಳಿ, ಯಾಕಂದ್ರೆ ಜನ ಸುಳ್ಳು ಹೇಳದಿದ್ರೂ ಮರೀತಾರೆ.

ಅಟೆಂಡರ್ 34 ವರ್ಷ ಸರ್ವೀಸ್ ಅಂದಿದ್ರು. ಆಫೀಸಲ್ಲಿ ಕೇಳಿದ್ರೆ 31. ನಮ್ಮ ಹುಡುಗಿ 31 ಅಂತ ತಿದ್ದಿ ಕಾಪಿ ಕೊಡೋಕೆ ಬಂದ್ಲು, ಆಫೀಸ್ ರೆಕಾರ್ಡ್ ಅಲ್ವಾ ಅಂತ. ವಾಪಸ್ ಹೋಗಿ ಅವರನ್ನೇ ಇನ್ನೊಂದ್ಸಲ ಕೇಳು ಅಂದೆ. "ಮೊದಲ ಮೂರು ವರ್ಷ ಟೆಂಪರರಿ ಇದ್ದೆ ಕಣಮ್ಮ. ಅವರ ಲೆಕ್ಕದಲ್ಲಿ ಅದಿಲ್ಲ. ನನ್ನ ಲೆಕ್ಕದಲ್ಲಿದೆ" ಅಂದ್ರು. ಸ್ಪೆಲಿಂಗ್ ನೋಡೋ ಹಾಗೆ ಮಾಡೋ ಫ್ಯಾಕ್ಟ್ ಚೆಕ್‌ನಲ್ಲಿ ಪೂರ್ತಿ ಬರಹದ ಬೆಸ್ಟ್ ಕೋಟ್ ಸಿಕ್ತು, ನಟ್ ಗ್ರಾಫ್ ಹೊಸದಾಗಿ ಬರೆದ್ಲು, ಎರಡೂ ಸಂಖ್ಯೆ ಹಾಕಿದ್ಲು.

ಬರೆದಿದ್ದನ್ನ ಮೊದಲೇ ತೋರಿಸಿ ಅಂತ ಕೇಳ್ತಾರೆ, ತುಂಬಾ ಜನ ಕೇಳ್ತಾರೆ. ಪೂರ್ತಿ ಕಾಪಿ ಕೊಡಬೇಡಿ, ಕೊಟ್ರೆ ಅವರ ಮನೆಯವರೆಲ್ಲಾ ಕೂತು ಎಡಿಟ್ ಮಾಡ್ತಾರೆ, "ಚೆನ್ನಾಗಿತ್ತು" ಎಲ್ಲಾ ವಾಪಸ್ ಬರುತ್ತೆ. ಅದರ ಬದಲು ಫೋನ್ ಮಾಡಿ ಅವರ ಕೋಟ್‌ಗಳನ್ನ, ಅವರ ಬಗ್ಗೆ ಇರೋ ಮಾಹಿತಿಯನ್ನ ಓದಿ ಹೇಳಿ, ತಪ್ಪಿದ್ರೆ ತಿದ್ದಿ, ಇಷ್ಟ ಆಗಿಲ್ಲ ಅಂದ್ರೆ ಕೇಳಿಸ್ಕೊಳ್ಳಿ ಅಷ್ಟೇ. ಗ್ಯಾಸ್‌ನ ಮೇನ್ ವಾಲ್ವ್ ಅವರು ಸಂಜೆ ಮುಚ್ಚೋದು, ನಾವು ಬೆಳಿಗ್ಗೆ ಅಂತ ಬರೆದಿದ್ವಿ, ಹಾಗೆ ಓದಿ ಹೇಳಿದ್ದಕ್ಕೇ ಅದು ಸಿಕ್ಕಿಬಿತ್ತು.

ಪೇಪರ್ ಬಂದ ದಿನ ಒಂದು ಪ್ರತಿ ಅವರ ಕೈಗೆ ನೀವೇ ಹೋಗಿ ಕೊಡಿ, ಲಿಂಕ್ ಕಳಿಸಿ ಕೈ ತೊಳ್ಕೋಬೇಡಿ. ಆಡಿಯೋ, ನೋಟ್‌ಬುಕ್ ಎರಡನ್ನೂ ಕೋರ್ಸ್ ಮುಗಿಯೋವರೆಗಾದ್ರೂ ಇಟ್ಕೊಳ್ಳಿ, ತಕರಾರು ಯಾವಾಗ ಬರುತ್ತೆ ಹೇಳೋಕಾಗಲ್ಲ. ತಪ್ಪು ಹೋಗಿದ್ರೆ ಮುಂದಿನ ಸಂಚಿಕೇಲಿ ತಿದ್ದುಪಡಿ ಹಾಕಿಸಿ, ಆನ್‌ಲೈನ್ ಕಾಪಿಯಲ್ಲಿ ಸದ್ದಿಲ್ಲದೆ ಬದಲಾಯಿಸೋದು ಬೇಡ, ಏನು ತಪ್ಪಿತ್ತು ಏನು ತಿದ್ದಿದೀವಿ ಅಂತ ಕೆಳಗೆ ಒಂದು ಸಾಲು ಹಾಕಿ. ನಾವೂ ಹಾಕಿದ್ವಿ, ಇಷ್ಟೆಲ್ಲಾ ಚೆಕ್ ಮಾಡಿದ ಮೇಲೂ ಫೋಟೋ ಕೆಳಗಿನ ಕ್ಯಾಪ್ಷನ್‌ನಲ್ಲಿ ಅವರ ಇನಿಷಿಯಲ್ ತಪ್ಪಿತ್ತು. ಕ್ಯಾಪ್ಷನ್ ಬರೆದಿದ್ದು ನಾನೇ.